ಐಪೀಸಿನ ಮೇಲೊಂದು ಕನ್ನಡಕದ ಚಿತ್ರ

ತೆಂಗಿನ ನುಸಿಯನ್ನು ಬರಿಗಣ್ಣಲ್ಲಿ ಕಂಡೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಅದರ ಉದ್ದವೇ ಮಿಲಿಮೀಟರಿನ ಕಾಲು ಭಾಗ, ಅಗಲ ಅದರ ಐದನೇ ಒಂದು ಪಾಲು. ಮೈ ಹಾಲುಬಿಳುಪು, ಆಕಾರ ಹುಳುವಿನದು. ಬೇರೆ ನುಸಿಗಳಿಗಿರುವಂತೆ ಎಂಟು ಕಾಲಿಲ್ಲ, ನಾಲ್ಕೇ, ಅವೂ ತಲೆಯ ಕಡೆಗೆ ಮಾತ್ರ. ಎಳೆಯ ಕಾಯಿಯ, ಅಂದರೆ ಹರಳಿನ, ತೊಟ್ಟಿಗೆ ಅಂಟಿಕೊಂಡ ಹೊದಿಕೆಯ ಅಡಿಯಲ್ಲಿ ಸಾವಿರಗಟ್ಟಲೆ ಸೇರಿ ರಸ ಹೀರುತ್ತಿರುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಆಮೇಲಿನ ಕಥೆ: ತೊಟ್ಟಿನ ಕೆಳಗೆ ಮೊದಲು ಮಾಸಲು ತ್ರಿಕೋನ, ಆಮೇಲೆ ಕಂದು, ಆಮೇಲೆ ಬಿರುಕು, ಬಿರುಕಿನಲ್ಲಿ ಅಂಟು. ಕಾಯಿ ಸೊಟ್ಟಗಾಗಿ ಕುಗ್ಗುತ್ತದೆ, ನಾರು ಗಟ್ಟಿಯಾಗಿ ಸುಲಿಯುವವರ ಕೈ ಸೋಲುತ್ತದೆ.

1990ರ ದಶಕದ ಕೊನೆಯಲ್ಲಿ ಈ ಪೀಡೆ ಕೇರಳದ ಕಡೆಯಿಂದ ನಮ್ಮ ತೆಂಗಿನ ಸೀಮೆಗೆ ಇಳಿಯಿತು. ಉಂಡೆ ಕೊಬ್ಬರಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯುವ ತಿಪಟೂರು, ಅರಸೀಕೆರೆಯ ರೈತರಿಗೆ ಕಾಯಿ ಕುಗ್ಗುವುದೆಂದರೆ ವರ್ಷದ ಗಂಟು ಕುಗ್ಗಿದಂತೆ. ನುಸಿಯಿಂದ ಕೈಸುಟ್ಟುಕೊಂಡವರು ನೀರಾ ಇಳಿಸಲಿಕ್ಕಾದರೂ ಬಿಡಿ ಎಂದು ಬೀದಿಗಿಳಿದದ್ದೂ ಆಗಲೇ. ಅದೇ ಕಾಲಕ್ಕೆ ನಾನು ಆ ಭಾಗದ ಒಂದು ಕೀಟ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದೆ. ಕೆಲಸವೆಂದರೆ ಹರಳುಗಳ ಹೊದಿಕೆ ಬಿಡಿಸಿ, ಸ್ಟೀರಿಯೊ ಮೈಕ್ರೋಸ್ಕೋಪಿನ ಕೆಳಗಿಟ್ಟು ನುಸಿ ಎಣಿಸುವುದು. ಬಲಗಣ್ಣಿಗೆ ಮೈನಸ್ ಮೂರೂವರೆ ಪವರ್, ಮೇಲೆ 1.75 ಸಿಲಿಂಡರ್ ಹೊತ್ತ ಕನ್ನಡಕದವನಿಗೆ ಕೊಡಬಾರದ ಕೆಲಸ ಎಂದು ಈಗ ಅನ್ನಿಸುತ್ತದೆ, ಆದರೆ ನನಗೆ ಅದು ಇಷ್ಟವಾಗಿತ್ತು.

ಕಾಲೇಜಿನಲ್ಲಿ ಎಲ್ಲರೂ ನೋಡಿರುವ, ಸ್ಲೈಡಿಟ್ಟು ನೋಡುವ ಮೈಕ್ರೋಸ್ಕೋಪೇ ಬೇರೆ, ಇದೇ ಬೇರೆ. ಅದರಲ್ಲಿ ಚಿತ್ರ ತಲೆಕೆಳಗು, ಕೈ ಎಡಕ್ಕೆ ಹೋದರೆ ವಸ್ತು ಬಲಕ್ಕೆ ಹೋಗುತ್ತದೆ. ಸ್ಟೀರಿಯೊದಲ್ಲಿ ಎರಡು ಕಣ್ಣಿಗೂ ಬೆಳಕಿನ ದಾರಿ ಬೇರೆ ಬೇರೆ, ಒಳಗೆ ಪ್ರಿಸಂಗಳು ಕೂತು ಚಿತ್ರವನ್ನು ನೆಟ್ಟಗೆ ನಿಲ್ಲಿಸುತ್ತವೆ. ಹಾಗಾಗಿ ಸೂಜಿ ಹಿಡಿದು ಕೆಳಗೆ ಕೆಲಸ ಮಾಡಬಹುದು, ಆಳ ಗೊತ್ತಾಗುತ್ತದೆ. ಹೀಗೊಂದು ಬೇಕೆಂದು 1890ರ ದಶಕದಲ್ಲಿ ಜರ್ಮನಿಯ ಯೇನಾದ ಝೈಸ್ ಕಂಪನಿಯನ್ನು ಕೇಳಿದವನು ಹೊರೇಷಿಯೊ ಗ್ರೀನೋ ಎಂಬ ಅಮೆರಿಕದ ಜೀವವಿಜ್ಞಾನಿ. ಎರಡು ಕೊಳವೆಗಳನ್ನು ಒಂದಕ್ಕೊಂದು ಓರೆಯಾಗಿ ಜೋಡಿಸುವ ಆ ಬಗೆಗೆ ಇವತ್ತಿಗೂ ಅವನದೇ ಹೆಸರು. ಗುಂಡಿ ತಿರುಗಿಸಿದರೆ ಹಿಗ್ಗುವ, ಕುಗ್ಗುವ ಝೂಮ್ ಬಂದದ್ದು 1959ರಲ್ಲಿ, ಬಾಷ್ ಅಂಡ್ ಲಾಂಬ್ ಕಂಪನಿಯಿಂದ. ನಮ್ಮಲ್ಲಿದ್ದದ್ದು ಝೂಮ್ ಇಲ್ಲದ್ದು. ಕಬ್ಬಿಣದ ಗಟ್ಟಿ ಪೀಠ, ಐಪೀಸಿಗೆ ಲೋಹದ ಬರಿ ಅಂಚು.

ನಮ್ಮ ಮೇಲಧಿಕಾರಿ ದಕ್ಷಿಣ ಕನ್ನಡದವರು. ಮೊದಲ ದಿನವೇ ಹೇಳಿದರು, “ಕನ್ನಡಕ ತೆಗೆದಿಡಿ ಮಾರಾಯ್ರೆ, ಗುಂಡಿ ತಿರುಗಿಸಿದ್ರೆ ಎಲ್ಲ ಸರಿಯಾಗ್ತದೆ.” ಇದು ಅವರೊಬ್ಬರ ಮಾತಲ್ಲ, ಮೈಕ್ರೋಸ್ಕೋಪ್ ಕಲಿಸುವ ಮೇಷ್ಟ್ರುಗಳೆಲ್ಲ ಹೇಳುವ ಮಾತು. ಮುಕ್ಕಾಲು ಪಾಲು ಸರಿಯೂ ಹೌದು. ದೂರದ್ದು ಕಾಣದ ಕಣ್ಣಾಗಲಿ, ಹತ್ತಿರದ್ದು ಕಾಣದ ಕಣ್ಣಾಗಲಿ, ಬೆಳಕು ಒಂದು ಬಿಂದುವಿಗೆ ಸೇರುತ್ತದೆ, ಸೇರುವ ಜಾಗ ಮಾತ್ರ ಹಿಂದುಮುಂದಾಗಿರುತ್ತದೆ. ಮೈಕ್ರೋಸ್ಕೋಪನ್ನು ತುಸು ಇಳಿಸಿದರೋ ಏರಿಸಿದರೋ ಆ ಬಿಂದು ಸರಿಯಾದ ಜಾಗಕ್ಕೆ ಬರುತ್ತದೆ. ಸಿಲಿಂಡರ್ ಇರುವವರ ಪಾಡು ಹಾಗಲ್ಲ. ಅಲ್ಲಿ ಕಣ್ಣಿನ ಗೋಳದ ಬಾಗು ಒಂದು ದಿಕ್ಕಿಗೆ ಒಂದು ಥರ, ಅದಕ್ಕೆ ಅಡ್ಡಲಾಗಿ ಇನ್ನೊಂದು ಥರ. ಗುಂಡಿಯನ್ನು ಎಷ್ಟು ತಿರುಗಿಸಿದರೂ ಒಂದು ದಿಕ್ಕು ಒಲಿದರೆ ಇನ್ನೊಂದು ಮುನಿಯುತ್ತದೆ.

ನನಗೆ ಇದು ಕಂಡದ್ದು ನುಸಿಯ ಮೈಮೇಲೇ. ಹೊದಿಕೆಯ ಒಳಮೈಯಲ್ಲಿ ಅವು ಅಡ್ಡಾದಿಡ್ಡಿ ಮಲಗಿರುತ್ತವೆ. ಕನ್ನಡಕ ತೆಗೆದು ನೋಡಿದರೆ ಉದ್ದುದ್ದಕ್ಕೆ ಮಲಗಿದವು ಬಿಳಿ ಗೆರೆಗಳಂತೆ ಚುರುಕಾಗಿ ಕಾಣುತ್ತಿದ್ದವು. ಅಡ್ಡಡ್ಡಕ್ಕೆ ಇದ್ದವು ಹಿನ್ನೆಲೆಯ ನಾರಿನಲ್ಲಿ ಕರಗಿ ಹೋಗುತ್ತಿದ್ದವು. ಹೊದಿಕೆಯ ಚೂರನ್ನು ಚಿಮಟದಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದೆನೋ, ಮೊದಲು ಕಂಡವು ಮಸುಕು, ಕಾಣದಿದ್ದವು ಸ್ಪಷ್ಟ. ತಲೆಯನ್ನು ಓರೆ ಮಾಡಿದರೂ ಅಷ್ಟೇ. ಪಕ್ಕದಲ್ಲಿ ಕೂತ, ಕನ್ನಡಕವಿಲ್ಲದ ಸಹೋದ್ಯೋಗಿ ಅದೇ ಚೂರಿನಲ್ಲಿ ನನಗಿಂತ ಹೆಚ್ಚು ನುಸಿ ಎಣಿಸುತ್ತಿದ್ದ. ಅವನ ಕಣ್ಣು ಚುರುಕು ಎಂದು ಎಲ್ಲರೂ ಹೊಗಳಿದರು. ಅವನು ಸುಮ್ಮನೆ ಎರಡೂ ದಿಕ್ಕಿನವನ್ನು ಎಣಿಸುತ್ತಿದ್ದ, ಅಷ್ಟೆ.

ನಿಮ್ಮ ಕನ್ನಡಕಕ್ಕೆ ಸಿಲಿಂಡರ್ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಚೀಟಿ ಹುಡುಕಬೇಕಿಲ್ಲ. ಕನ್ನಡಕವನ್ನು ಕೈಯಳತೆ ದೂರ ಹಿಡಿದು, ಅದರ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತ ನಿಧಾನಕ್ಕೆ ಚಕ್ರದಂತೆ ತಿರುಗಿಸಿ. ಚೌಕಟ್ಟು ಕತ್ತರಿಯ ಹಾಗೆ ಓರೆಯಾಗುತ್ತ ಹೋದರೆ ಸಿಲಿಂಡರ್ ಇದೆ. ಅರ್ಧ, ಮುಕ್ಕಾಲು ಇದ್ದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ತೆಗೆದಿಟ್ಟೇ ನೋಡಬಹುದು. ಒಂದೂವರೆ ದಾಟಿದವರು ಕನ್ನಡಕ ಹಾಕಿಕೊಂಡೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ವಿಚಿತ್ರವೆಂದರೆ ದೊಡ್ಡದು ಮಾಡಿ ನೋಡುವಾಗ ಸಿಲಿಂಡರಿನ ಕಾಟ ಕಡಿಮೆ. ಹೆಚ್ಚು ಪಟ್ಟು ಹಿಗ್ಗಿಸಿದಾಗ ಐಪೀಸಿನಿಂದ ಹೊರಡುವ ಬೆಳಕಿನ ಕಂತೆ ಸಣ್ಣದಾಗಿ, ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಪಾಪೆಯ ನಡುಭಾಗದಿಂದಷ್ಟೇ ಬೆಳಕು ಒಳಗೆ ಹೋದರೆ ಬಾಗಿನ ದೋಷ ಅಷ್ಟಾಗಿ ಕಾಡುವುದಿಲ್ಲ. ಕಡಿಮೆ ಪಟ್ಟಿನಲ್ಲಿ, ಅಂದರೆ ಇಡೀ ಹೊದಿಕೆಯನ್ನು ಸವರಿ ಹುಡುಕುವಾಗಲೇ ಕಾಟ ಹೆಚ್ಚು. ಹುಡುಕುವಾಗ ತಪ್ಪಿಸಿಕೊಂಡದ್ದನ್ನು ಹಿಗ್ಗಿಸಿ ನೋಡುವ ಪ್ರಶ್ನೆಯೇ ಬರುವುದಿಲ್ಲವಲ್ಲ.

ಸರಿ, ಕನ್ನಡಕ ಹಾಕಿಕೊಂಡೇ ನೋಡೋಣವೆಂದರೆ ಆ ಹಳೆಯ ಐಪೀಸು ಬಿಡಲಿಲ್ಲ. ಪ್ರತಿ ಐಪೀಸಿಗೂ ಕಣ್ಣು ಇಂತಿಷ್ಟು ದೂರದಲ್ಲಿದ್ದರೆ ಮಾತ್ರ ಇಡೀ ವೃತ್ತ ಕಾಣುತ್ತದೆ. ಈ ದೂರಕ್ಕೆ ಐ ರಿಲೀಫ್ ಎನ್ನುತ್ತಾರೆ. ಹಳೆಯ ಮಾದರಿಗಳಲ್ಲಿ ಅದು ಒಂದು ಸೆಂಟಿಮೀಟರಿನ ಆಸುಪಾಸು. ಮೂಗಿನ ಮೇಲೆ ಕೂತ ಕನ್ನಡಕದ ಗಾಜೇ ಕಣ್ಣಿನಿಂದ 12ರಿಂದ 14 ಮಿಲಿಮೀಟರ್ ಮುಂದಿರುತ್ತದೆ. ಲೆಕ್ಕ ಅಲ್ಲೇ ತಪ್ಪಿತು. ಗಾಜು ಐಪೀಸಿಗೆ ತಾಗಿದರೂ ಕಣ್ಣು ಹೋಗಬೇಕಾದ ಜಾಗಕ್ಕೆ ಹೋಗಿರುವುದಿಲ್ಲ. ಸುತ್ತಲೂ ಕಪ್ಪು ಕವಿದು, ನಡುವೆ ಒಂದಿಷ್ಟು ಚಿತ್ರ ಉಳಿಯುತ್ತದೆ. ಇನ್ನಷ್ಟು ಒತ್ತಿದರೆ ಕರಕರ ಎಂಬ ಸದ್ದು. ಆ ಲೋಹದ ಅಂಚು ನನ್ನ ಕನ್ನಡಕದ ಎರಡೂ ಗಾಜಿನ ಮೇಲೆ ಬಳೆಯಂಥ ಗೀರು ಹಾಕಿತ್ತು. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಎದುರಿನ ಲಾರಿ ದೀಪಗಳಿಗೆಲ್ಲ ಆ ಗೀರು ಒಂದೊಂದು ಪ್ರಭಾವಳಿ ಕಟ್ಟುತ್ತಿತ್ತು.

ತೆಗೆದು ನೋಡುವುದೇ ಸರಿಯಾಗುವ ಕಣ್ಣುಗಳೂ ಇವೆ ಎಂದು ತೋರಿಸಿಕೊಟ್ಟವರು ಹುಳಿಯಾರು ಕಡೆಯ ಒಬ್ಬ ಯಜಮಾನರು. ಚೀಲದ ತುಂಬ ಬಿರುಕುಬಿಟ್ಟ ಕಾಯಿ ತಂದು ಮೇಜಿನ ಮೇಲೆ ಸುರಿದಿದ್ದರು. ಮದ್ದು ಬರೆದುಕೊಟ್ಟರೆ ಸಾಲದು, ಆ ಪ್ರಾಣಿಯನ್ನು ಕಣ್ಣಾರೆ ನೋಡಬೇಕು ಎಂದು ಹಟ. ಅವರಿಗೆ ಒಂದು ಕಣ್ಣಿನ ಪೊರೆ ತೆಗೆದು ಬರಿ ಸೋಡಾಬುಡ್ಡಿ ಕನ್ನಡಕ ಕೊಟ್ಟಿದ್ದರು, ಇನ್ನೊಂದು ಕಣ್ಣು ಮಬ್ಬು. ಆ ದಪ್ಪ ಗಾಜು ಹಾಕಿಕೊಂಡು ಬಗ್ಗಿದರೆ ಏನೂ ಕಾಣಲಿಲ್ಲ.

“ಕನ್ನಡಕ ತೆಗೀರಿ ಯಜಮಾನ್ರೇ, ಆಪರೇಷನ್ ಆದ ಕಣ್ಣಲ್ಲೇ ನೋಡಿ. ನಾನು ನಿಧಾನಕ್ಕೆ ಏರಿಸ್ತೀನಿ, ಕಂಡ ತಕ್ಷಣ ಹೇಳಿ.”

“ಮಂಜು… ಮಂಜು… ಏನೋ ಬೆಳ್ಳಗೆ… ಬಂತು ಬಂತು, ನಿಲ್ಸಿ ಸ್ವಾಮಿ!” ಹತ್ತು ಪವರ್ ಕನ್ನಡಕದ ಕೆಲಸವನ್ನು ಎರಡು ಮಿಲಿಮೀಟರೂ ಇಲ್ಲದ ಒಂದು ಏರಿಕೆ ಮಾಡಿತ್ತು. ಆಮೇಲೆ ಅವರು ಬಹಳ ಹೊತ್ತು ತಲೆಯೆತ್ತಲಿಲ್ಲ. “ಅನ್ನದ ಅಗುಳಿಗೆ ಜೀವ ಬಂದಂಗೆ ಹರಿದಾಡ್ತಾವಲ್ಲ ಸ್ವಾಮಿ. ಇಷ್ಟೊಂದು ಜನ ಉಣ್ಣೋಕೆ ಕೂತಿದ್ರೆ ಕಾಯಿ ಎಲ್ಲಿ ದಪ್ಪ ಆಗ್ತದೆ?” ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಹೊಡೆಯುವ ಅಳತೆಯನ್ನು ಅವರು ಬರೆಸಿಕೊಂಡದ್ದು ಆಮೇಲೆ. ಲೀಟರ್ ನೀರಿಗೆ 20 ಮಿಲಿ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಸೋಪು.

ಹೊಸ ಸ್ಟೀರಿಯೊ ಕೊಳ್ಳುವ ಕಾಲ ಬಂದಾಗ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೊಟೇಶನ್ ಕಳಿಸಿದವರೆಲ್ಲ ದಪ್ಪಕ್ಷರದಲ್ಲಿ ಹಾಕಿದ್ದು ಪಟ್ಟಿನ ಸಂಖ್ಯೆ. 90 ಪಟ್ಟು, 180 ಪಟ್ಟು. ಕಮಿಟಿಯಲ್ಲಿ ಕೂತವರಿಗೂ ಅದೇ ಇಷ್ಟ, ಸಂಖ್ಯೆಯನ್ನು ಸಂಖ್ಯೆಯೊಡನೆ ಹೋಲಿಸುವುದು ಸುಲಭ ತಾನೇ. 10 ಪಟ್ಟಿನ ಐಪೀಸು ತೆಗೆದು 20ರದ್ದು ಹಾಕಿದರೆ ಸಂಖ್ಯೆಯೇನೋ ಇಮ್ಮಡಿಯಾಗುತ್ತದೆ, ಕೆಳಗಿನ ಲೆನ್ಸ್ ಹಿಡಿಯದ ವಿವರವನ್ನು ಐಪೀಸು ಎಲ್ಲಿಂದ ತರಬೇಕು? ಮಸುಕೇ ದೊಡ್ಡದಾಗಿ ಕಾಣುತ್ತದೆ. ಮೇಲಾಗಿ ಅಂಥ ಐಪೀಸುಗಳಲ್ಲಿ ಕಣ್ಣಿನ ದೂರ ಇನ್ನೂ ಕಡಿಮೆ, ಕನ್ನಡಕದವರಿಗೆ ದಂಡ. ಕಾಲು ಮಿಲಿಮೀಟರಿನ ನುಸಿಯನ್ನು 40 ಪಟ್ಟು ಮಾಡಿದರೆ ಒಂದು ಸೆಂಟಿಮೀಟರ್ ಉದ್ದಕ್ಕೆ ಕಾಣುತ್ತದೆ, ಎಣಿಸುವವನಿಗೆ ಅದಕ್ಕಿಂತ ಏನು ಬೇಕು? ಕೆಳಗೆ 0.7ರಿಂದ 4.5ರ ಝೂಮ್, ಮೇಲೆ 10ರ ಐಪೀಸು, ಅಂದರೆ 7ರಿಂದ 45 ಪಟ್ಟು. ಅಷ್ಟು ಸಾಕು ಎಂದು ಬರೆದೆ.

ಉಳಿದ ಶಕ್ತಿಯನ್ನೆಲ್ಲ ಐಪೀಸಿನ ಮೇಲೆ ಸುರಿದೆ. ಐಪೀಸಿನ ಪಕ್ಕದಲ್ಲಿ ಒಂದು ಪುಟ್ಟ ಕನ್ನಡಕದ ಚಿತ್ರ ಕೊರೆದಿರುತ್ತದೆ. ಹೈ ಐಪಾಯಿಂಟ್ ಎಂದು ಅದರ ಅರ್ಥ, ಕಣ್ಣು ಎರಡು ಸೆಂಟಿಮೀಟರಿನಷ್ಟು ದೂರವಿದ್ದರೂ ಪೂರ್ತಿ ವೃತ್ತ ಕಾಣುತ್ತದೆ. ಪಕ್ಕದಲ್ಲೇ 10x/20 ಅಥವಾ 10x/22 ಎಂದಿರುತ್ತದೆ. ಎರಡನೇ ಸಂಖ್ಯೆಯನ್ನು ಕೆಳಗಿನ ಲೆನ್ಸಿನ ಪಟ್ಟಿನಿಂದ ಭಾಗಿಸಿದರೆ ಎಷ್ಟು ಅಗಲದ ಜಾಗ ಕಾಣುತ್ತದೆಂದು ಸಿಗುತ್ತದೆ. 22ನ್ನು 0.7ರಿಂದ ಭಾಗಿಸಿದರೆ 31 ಮಿಲಿಮೀಟರ್, ಒಂದು ಹರಳಿನ ಹೊದಿಕೆಯ ಎಸಳು ಹೆಚ್ಚುಕಡಿಮೆ ಪೂರ್ತಿ. ಕಣ್ಣಿನ ದೂರ ಸಾಲದೆ ಹೋದರೆ ಈ 22 ಕಾಗದದ ಮೇಲೇ ಉಳಿಯುತ್ತದೆ. ಕನ್ನಡಕವಿಲ್ಲದವರಿಗೆ ರಬ್ಬರ್ ಕಪ್ ಮೇಲಕ್ಕೆ, ನಮ್ಮಂಥವರಿಗೆ ಮಡಚಿ ಕೆಳಕ್ಕೆ. ಮಡಚಿದಾಗ ಗಾಜಿಗೆ ತಾಗುವುದು ರಬ್ಬರೇ ಆಗಿರಬೇಕು ಎಂದೂ ಸೇರಿಸಿದೆ. ಐಪೀಸಿನ ಕೊಳವೆಯ ಓರೆ 45 ಡಿಗ್ರಿ ಇದ್ದರೆ ಬಗ್ಗಿ ಬಗ್ಗಿ ಕತ್ತು ಹೋಗುತ್ತದೆ, ಬಗ್ಗಿದಾಗ ಕನ್ನಡಕವೂ ಮೂಗಿನ ಮೇಲಿಂದ ಜಾರುತ್ತದೆ. 30, 35 ಇದ್ದರೆ ಒಳ್ಳೆಯದು. ಕಮಿಟಿಯ ಒಬ್ಬರು ನಕ್ಕು, “ಏನ್ರೀ, ಮೈಕ್ರೋಸ್ಕೋಪ್ ತಗೋತಿದೀರೋ ಕುರ್ಚಿ ತಗೋತಿದೀರೋ?” ಎಂದರು. ಎಂಟು ಗಂಟೆ ಕೂರುವವನಿಗೆ ಎರಡೂ ಒಂದೇ ಸಾರ್ ಎಂದೆ.

ಹೊಸದು ಬಂದ ಮೇಲೆ ಗೊತ್ತಾದ ಒಂದು ಲಾಭವನ್ನು ನಾನು ಮೊದಲು ಊಹಿಸಿರಲಿಲ್ಲ. ಐಪೀಸಿನ ಕೊರಳಲ್ಲಿ ಡಯಾಪ್ಟರ್ ಉಂಗುರ ಇರುತ್ತದೆ, ಸಾಮಾನ್ಯವಾಗಿ ಮೈನಸ್ 5ರಿಂದ ಪ್ಲಸ್ 5. ಎರಡು ಕಣ್ಣಿನ ಪವರ್ ಬೇರೆ ಬೇರೆ ಇದ್ದರೆ ಸರಿದೂಗಿಸಲು. ಕನ್ನಡಕ ತೆಗೆದಿಟ್ಟು ನೋಡುವವರು ನಾಲ್ಕು ಜನ ಇರುವ ಕಡೆ ಈ ಉಂಗುರಕ್ಕೆ ಬಿಡುವಿಲ್ಲ. ಒಬ್ಬ ಎದ್ದು ಇನ್ನೊಬ್ಬ ಕೂತಾಗಲೆಲ್ಲ ತಿರುಗಾಟ, ಬೈದಾಟ. ಎಲ್ಲರೂ ತಂತಮ್ಮ ಕನ್ನಡಕ ಹಾಕಿಕೊಂಡೇ ನೋಡಿದರೆ ಉಂಗುರ ಸೊನ್ನೆಯ ಆಚೀಚೆ ಇದ್ದುಬಿಡುತ್ತದೆ. ನಾನು ಫೋಕಸ್ ಮಾಡಿದ್ದು ಬಂದ ವಿದ್ಯಾರ್ಥಿಗೂ ಫೋಕಸ್ ಆಗಿಯೇ ಸಿಗುತ್ತದೆ. ನೋಡುತ್ತ ನೋಡುತ್ತ ಪಕ್ಕದ ಪುಸ್ತಕದಲ್ಲಿ ಬರೆಯಬೇಕಾದವನಿಗಂತೂ ಹಾಕು, ತೆಗೆ, ಎಲ್ಲಿಟ್ಟೆ ಎಂಬ ಗೋಳು ತಪ್ಪಿತು.

ಉಂಗುರ ಕೂರಿಸುವ ಕ್ರಮವನ್ನು ಬಂದವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಮೊದಲು ಎರಡು ಕೊಳವೆಯನ್ನು ಅಗಲಿಸಿ, ಕೂಡಿಸಿ, ಎರಡು ವೃತ್ತ ಒಂದಾಗುವಂತೆ ಮಾಡಬೇಕು. ಒಂದು ನಾಣ್ಯವನ್ನು ಕೆಳಗಿಟ್ಟು, ಝೂಮನ್ನು ತುದಿಗೆ ಏರಿಸಿ, ದೊಡ್ಡ ಗುಂಡಿಯಿಂದ ಫೋಕಸ್. ಆಮೇಲೆ ಝೂಮನ್ನು ಪೂರ್ತಿ ಇಳಿಸಿ, ದೊಡ್ಡ ಗುಂಡಿ ಮುಟ್ಟದೆ, ಒಂದೊಂದೇ ಕಣ್ಣಿಗೆ ಉಂಗುರವನ್ನು ಪ್ಲಸ್ ತುದಿಯಿಂದ ತಿರುಗಿಸುತ್ತ ಬಂದು ಸ್ಪಷ್ಟವಾದ ಕಡೆ ನಿಲ್ಲಿಸುವುದು. ಇಷ್ಟಾದರೆ ಝೂಮ್ ಎಲ್ಲಿದ್ದರೂ ಫೋಕಸ್ ಜಾರುವುದಿಲ್ಲ. ಪ್ಲಸ್ ಕಡೆಯಿಂದಲೇ ಏಕೆ ಎಂದರೆ ಇನ್ನೊಂದು ಕಡೆಯಿಂದ ಬಂದರೆ ಎಳೆಯ ಕಣ್ಣು ತಾನೇ ತಿಣುಕಿ ಫೋಕಸ್ ಮಾಡಿಕೊಂಡುಬಿಡುತ್ತದೆ. ಸಂಜೆ ಹಣೆ ಸಿಡಿಯುವಾಗ ಅದರ ಬೆಲೆ ತೆರಬೇಕು. ನಡುನಡುವೆ ಕಿಟಕಿಯಾಚೆ ದೂರದ ಮರ ನೋಡಿ ಬಂದು ಕೂರಿ ಎನ್ನುತ್ತಿದ್ದೆ. ಹುಡುಗರು ಅದನ್ನು ಚಹಾಕ್ಕೆ ಹೋಗಲು ಸಿಕ್ಕ ಅಪ್ಪಣೆ ಎಂದುಕೊಂಡರು.

ಚಾಳೀಸು ಬಂದಾಗ ಮತ್ತೆ ಎಲ್ಲ ಕದಡಿತು. ಪ್ರೊಗ್ರೆಸಿವ್ ಗಾಜು ಹಾಕಿಸಿದೆ. ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ, ನಡುವೆ ಗೆರೆಯಿಲ್ಲದ ಇಳಿಜಾರು. ರಸ್ತೆಯಲ್ಲಿ, ಪತ್ರಿಕೆ ಓದುವಾಗ ಸೊಗಸು. ಮೈಕ್ರೋಸ್ಕೋಪಿಗೆ ಬಗ್ಗಿದರೆ ಕಣ್ಣು ಕೊಂಚ ಸರಿದಾಗಲೆಲ್ಲ ಪವರ್ ಬದಲಾಗಿ ವೃತ್ತದ ಅರ್ಧ ಸ್ಪಷ್ಟ, ಅರ್ಧ ಮಬ್ಬು. ಗದ್ದ ಎತ್ತಬೇಕೋ ಇಳಿಸಬೇಕೋ ತಿಳಿಯದೆ ಕತ್ತು ಹಿಡಿಯುತ್ತಿತ್ತು. ಕನ್ನಡಕದ ಅಂಗಡಿಗೆ ಹೋಗಿ ಮೈಕ್ರೋಸ್ಕೋಪಿಗೆಂದೇ ಒಂದು ಬೇರೆ ಮಾಡಿಕೊಡಿ ಎಂದೆ.

“ವಸ್ತು ಎಷ್ಟು ದೂರದಲ್ಲಿರುತ್ತೆ ಸಾರ್?”

“ಲೆನ್ಸಿಂದ ಹತ್ತು ಸೆಂಟಿಮೀಟರ್.”

“ಹಾಗಾದ್ರೆ ಹತ್ತಿರದ ನಂಬರ್ ಜಾಸ್ತಿ ಕೊಡಬೇಕಾಗುತ್ತೆ.”

“ಬೇಡ, ದೂರದ ನಂಬರ್ ಮಾತ್ರ ಕೊಡಿ. ಸಿಲಿಂಡರ್ ಆಕ್ಸಿಸ್ ಸಮೇತ.”

ಅವರು ನನ್ನ ಮುಖ ನೋಡಿದರು. ನಂಬುವುದು ಕಷ್ಟವೇ. ಹರಳು ಮೂಗಿನ ಕೆಳಗೇ ಇರುತ್ತದೆ, ಆದರೆ ಐಪೀಸಿನಿಂದ ಹೊರಡುವ ಕಿರಣಗಳು ಸಮಾನಾಂತರವಾಗಿ ಬರುತ್ತವೆ, ಬಹುದೂರದ ಗುಡ್ಡದಿಂದ ಬರುವವುಗಳ ಹಾಗೆ. ನೋಡುವ ಕಣ್ಣು ದೂರಕ್ಕೆ ನೋಡುವ ಕಣ್ಣಿನಂತೆಯೇ ಸಡಿಲವಾಗಿರಬೇಕು. ಹಾಗಾಗಿ ಚಾಳೀಸು ಬಂದವರಿಗೆ ಸ್ಟೀರಿಯೊದಲ್ಲಿ ಕಷ್ಟವಿಲ್ಲ, ಓದುವ ಕನ್ನಡಕ ಬೇಕಾಗುವುದೇ ಇಲ್ಲ; ಸೂಜಿಗೆ ದಾರ ಪೋಣಿಸಲಾಗದವರೂ ನುಸಿಯ ಕಾಲು ಎಣಿಸಬಹುದು. ಫ್ರೇಮನ್ನು ಮಾತ್ರ ಆರಿಸಿ ತೆಗೆದುಕೊಂಡೆ. ಮೂಗಿನ ಪ್ಯಾಡನ್ನು ಬಗ್ಗಿಸಿ ಗಾಜು ರೆಪ್ಪೆಗೆ ತಾಗದ ಹಾಗೆ ಆದಷ್ಟು ಹತ್ತಿರ ಕೂರಿಸಿಕೊಡಲು ಹೇಳಿದೆ. ಒಂದೆರಡು ಮಿಲಿಮೀಟರ್ ಉಳಿದರೂ ವೃತ್ತದ ಅಂಚಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನಿವೃತ್ತನಾದ ಮೇಲೆ ಮನೆಗೊಂದು ಸ್ಟೀರಿಯೊ ತೆಗೆದುಕೊಂಡೆ. ಹಿಂದೆ ನನ್ನಂಥವರು ಮನೆಗೆ ತರುವ ವಸ್ತು ಅದಾಗಿರಲಿಲ್ಲ. ಮೊಬೈಲ್ ರಿಪೇರಿಯವರ ದೆಸೆಯಿಂದ ಈಗ ಕೈಗೆಟುಕುತ್ತದೆ. ಬೋರ್ಡಿನ ಮೇಲಿನ ಧೂಳಿನಂಥ ಬಿಡಿಭಾಗಕ್ಕೆ ಬೆಸುಗೆ ಹಾಕುವವರಿಗೂ ಬೇಕಾದದ್ದು ಅದೇ 7ರಿಂದ 45 ಪಟ್ಟು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಮಳಿಗೆಯಲ್ಲಿ ಬೆಸುಗೆ ಹಾಕುತ್ತಿದ್ದ ಹುಡುಗನ ಪಕ್ಕ ಕೂತು ನೋಡಿದೆ. ಅವನೂ ಕನ್ನಡಕದವನು. ನಾನು ಅಭ್ಯಾಸಬಲದಿಂದ ಐಪೀಸು ಕಳಚಿ ಆ ಪುಟ್ಟ ಚಿತ್ರ ಹುಡುಕುತ್ತಿದ್ದರೆ, “ಅಂಕಲ್, ಚಿತ್ರ ಎಲ್ಲದರ ಮೇಲೂ ಹಾಕಿರ್ತಾರೆ, ನಂಬ್ಬೇಡಿ. ರಬ್ಬರ್ ಮಡಚಿ, ನಿಮ್ಮ ಕನ್ನಡಕ ಹಾಕ್ಕೊಂಡೇ ನೋಡಿ. ಕಪ್ಪು ಅಂಚು ಸುತ್ತಲೂ ಒಂದೇ ಸಮ ಕಂಡ್ರೆ ತಗೊಳ್ಳಿ,” ಎಂದ. ನನ್ನ ಟೆಂಡರು ಪಟ್ಟಿಯಲ್ಲಿ ಈ ಒಂದು ವಾಕ್ಯ ಇದ್ದಿದ್ದರೆ ಅರ್ಧ ಪುಟ ಉಳಿಯುತ್ತಿತ್ತು. ಲೆನ್ಸಿನ ಕೆಳಗೆ ತಿರುಗಿಸಿ ಹಾಕುವ 0.5ರ ಗಾಜನ್ನೂ ಅವನೇ ತೋರಿಸಿದ. ಪಟ್ಟು ಅರ್ಧಕ್ಕಿಳಿಯುತ್ತದೆ, ಆದರೆ ಕೆಳಗೆ ಕೈಯಾಡಿಸುವ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅವನಿಗೆ ಬೆಸುಗೆ ಕಡ್ಡಿಗೆ, ನನಗೆ ಇಡೀ ಕಾಯಿ ಇಡಲಿಕ್ಕೆ.

ಮನೆಯಲ್ಲಿ ಅಣ್ಣನ ಮಗನಿಗೆ ಇದೆಲ್ಲ ಹಳೆಯ ಕಾಲದ ರಗಳೆ. ಮೂರನೇ ಕೊಳವೆಗೆ ಕ್ಯಾಮೆರಾ ಸಿಕ್ಕಿಸಿ, “ಪರದೆ ಮೇಲೆ ನೋಡಿ ಚಿಕ್ಕಪ್ಪ, ಕನ್ನಡಕದ ತಾಪತ್ರಯವೇ ಇಲ್ಲ,” ಎನ್ನುತ್ತಾನೆ. ನಾಲ್ಕು ಜನಕ್ಕೆ ತೋರಿಸಲು ಪರದೆ ಒಳ್ಳೆಯದೇ. ಆದರೆ ಅಲ್ಲಿ ಎಲ್ಲ ಚಪ್ಪಟೆ. ಸೂಜಿಯ ತುದಿ ನುಸಿಯ ಮೇಲಿದೆಯೋ ಹಿಂದಿದೆಯೋ ತಿಳಿಯುವುದಿಲ್ಲ, ಕೈ ಸರಿದ ಮೇಲೆ ಚಿತ್ರ ಒಂದು ಗಳಿಗೆ ತಡವಾಗಿ ಸರಿಯುತ್ತದೆ. ವಾದ ಮುಗಿಯದೆ ಇಬ್ಬರೂ ಒಂದೇ ಮೈಕ್ರೋಸ್ಕೋಪಿಗೆ ಕೂರುತ್ತೇವೆ. ನಾನು ಕೊಂಡ ಮಾದರಿಯಲ್ಲಿ ಕ್ಯಾಮೆರಾಕ್ಕೆ ಬೆಳಕು ಹೋಗಬೇಕಾದರೆ ಪಕ್ಕದ ಕಡ್ಡಿ ಎಳೆಯಬೇಕು, ಎಳೆದರೆ ಎಡ ಐಪೀಸಿನ ಬೆಳಕು ಅತ್ತ ಹೋಗುತ್ತದೆ. ನಾನು ಹೊದಿಕೆಯ ಅಂಚಿನಲ್ಲಿ ಎಣಿಸುತ್ತ ಅರವತ್ತರ ಹತ್ತಿರ ಬಂದಿರುತ್ತೇನೆ, ಅವನಿಗೆ ಫೋಟೊ ನೆನಪಾಗುತ್ತದೆ, ಎಡಗಣ್ಣಿಗೆ ಗಪ್ಪೆಂದು ಕತ್ತಲು. “ಹೇಳಿ ಎಳಿಯೋ ಮಾರಾಯ,” ಎಂದು ಕೂಗಿ ಮತ್ತೆ ಒಂದರಿಂದ ಶುರುಮಾಡುತ್ತೇನೆ.